ವೈದ್ಯರಿಗೊಂದು ಪ್ರಶ್ನೆ: ಮಣಿಕಟ್ಟು, ಮುಂಗೈ ಮತ್ತು ಅವುಗಳ ಮೂಳೆಗಳು

ಈ ಸಲ ಬಂದ ಪತ್ರಗಳಲ್ಲಿ ಕೈಯ ಮೂಳೆಗಳನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಅಂಥ ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. ಮೂಳೆಯೆಂದರೆ ಒಳಗೆ ರಕ್ತ ಹರಿಯುವ, ದಿನವೂ ಸ್ವಲ್ಪ ಕರಗಿ ದಿನವೂ ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುವ ಜೀವಂತ ಅಂಗ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಹದಡಿ ರಸ್ತೆಯಲ್ಲಿ ಬೈಕ್ ಜಾರಿ ಬಲ ಅಂಗೈ ಊರಿಕೊಂಡು ಬಿದ್ದೆ. ಅಂದೇ ತೆಗೆಸಿದ ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿಲ್ಲ ಎಂದರು. ತಿಂಗಳು ಕಳೆದರೂ ಹೆಬ್ಬೆರಳ ಬುಡದ ನೋವು ಹೋಗಿಲ್ಲ. ಉಳುಕು ಇಷ್ಟು ದಿನ ಇರುತ್ತದೆಯೇ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇದನ್ನು ಉಳುಕೆಂದು ಸುಮ್ಮನಿರಬೇಡಿ. ಹೆಬ್ಬೆರಳನ್ನು ಹಿಂದಕ್ಕೆ ಸೆಟೆದು ಹಿಡಿದರೆ ಮಣಿಕಟ್ಟಿನ ಹೊರಬದಿಯಲ್ಲಿ ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಗುಳಿ ಬೀಳುತ್ತದೆ. ಆ ಗುಳಿಯನ್ನು ಇನ್ನೊಂದು ಕೈಯ ಬೆರಳ ತುದಿಯಿಂದ ಒತ್ತಿದಾಗ ಎದ್ದು ಕಾಣುವಷ್ಟು ನೋವಾದರೆ ಅದರ ತಳದಲ್ಲಿರುವ ಸ್ಕೇಫಾಯ್ಡ್ ಎಂಬ ಮೂಳೆ ಮುರಿದಿರಬಹುದೆಂದೇ ತಿಳಿದು ಮುಂದುವರಿಯಬೇಕು. ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳಲ್ಲಿ ಅತಿ ಹೆಚ್ಚು ಮುರಿಯುವುದು ಇದೇ, ಅದರಲ್ಲೂ ಅಂಗೈ ಊರಿ ಬೀಳುವ ಯುವಕರಲ್ಲಿ. ಕೂದಲೆಳೆಯಂಥ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದು ಸಾಮಾನ್ಯ. ಅದಕ್ಕಾಗಿಯೇ ಅನುಮಾನವಿದ್ದಾಗ ಕೈಗೆ ಪಟ್ಟಿ ಹಾಕಿ 10ರಿಂದ 14 ದಿನಗಳ ನಂತರ ಮತ್ತೆ ಎಕ್ಸ್‌ರೇ ತೆಗೆಯುವ ಪದ್ಧತಿಯಿದೆ.

ಈ ಮೂಳೆಯ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಕಾರಣ ಅದಕ್ಕೆ ರಕ್ತ ಬರುವ ದಾರಿ. ಸ್ಕೇಫಾಯ್ಡ್‌ಗೆ ಬರುವ ರಕ್ತನಾಳಗಳಲ್ಲಿ ಹೆಚ್ಚಿನವು ಬೆರಳುಗಳ ಕಡೆಯ ಭಾಗದಲ್ಲಿ ಒಳಹೊಕ್ಕು, ಅಲ್ಲಿಂದ ಹಿಂದಿರುಗಿ ಮುಂಗೈ ಕಡೆಯ ಭಾಗಕ್ಕೆ ರಕ್ತ ಒಯ್ಯುತ್ತವೆ. ಮೂಳೆ ನಡುವಿನಲ್ಲಿ ಮುರಿದಾಗ ಈ ದಾರಿಯೂ ಕಡಿದುಹೋಗಬಹುದಾದ್ದರಿಂದ, ಹಿಂದಿನ ತುಂಡು ರಕ್ತವಿಲ್ಲದೆ ಸಾಯುವ, ಮುರಿತ ಕೂಡದೇ ಉಳಿಯುವ ಮತ್ತು ಕೆಲವು ವರ್ಷಗಳಲ್ಲಿ ಮಣಿಕಟ್ಟಿನ ಕೀಲೇ ಸವೆದುಹೋಗುವ ಅಪಾಯವಿದೆ. ವಯಸ್ಸಾದವರ ತೊಡೆಮೂಳೆಯ ಕತ್ತು ಮುರಿದಾಗ ಕೂಡುವುದು ಕಷ್ಟವಾಗುವುದಕ್ಕೂ ಇಂಥದೇ ಕಾರಣ. ಈ ವಾರವೇ ಮೂಳೆ ತಜ್ಞರಲ್ಲಿಗೆ ಹೋಗಿ, ಸ್ಕೇಫಾಯ್ಡ್‌ಗೆಂದೇ ಬೇರೆ ಕೋನಗಳಲ್ಲಿ ತೆಗೆಯುವ ಎಕ್ಸ್‌ರೇ ಮಾಡಿಸಿ. ಅದರಲ್ಲೂ ತಿಳಿಯದಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾದೀತು. ತುಂಡುಗಳು ಜರುಗಿರದಿದ್ದರೆ ಪ್ಲಾಸ್ಟರ್‌ನಲ್ಲೇ ಕೂಡಬಹುದು, ಜರುಗಿದ್ದರೆ ಸ್ಕ್ರೂ ಹಾಕಬೇಕಾಗುತ್ತದೆ.

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗ ಹುಣಸೆಮರದಿಂದ ಬಿದ್ದು ಮಣಿಕಟ್ಟಿನ ಹತ್ತಿರ ಮೂಳೆ ಮುರಿದುಕೊಂಡಿದ್ದಾನೆ. ‘ಗ್ರೋತ್ ಪ್ಲೇಟ್’ಗೆ ಪೆಟ್ಟಾಗಿದೆ ಎಂದು ಡಾಕ್ಟರು ಪ್ಲಾಸ್ಟರ್ ಹಾಕಿದ್ದಾರೆ. ಅದನ್ನು ಬಿಚ್ಚಿಸಿ ನಾಟಿ ಕಟ್ಟು ಕಟ್ಟಿಸೋಣ ಎಂದು ನಮ್ಮ ಅತ್ತೆ ಹೇಳುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಪ್ಲಾಸ್ಟರ್ ಬಿಚ್ಚಿಸಬೇಡಿ, ತಾಯಿ. ಮಕ್ಕಳ ಉದ್ದ ಮೂಳೆಗಳು ನಡುವಿನಲ್ಲಿ ಉದ್ದವಾಗುವುದಿಲ್ಲ. ತುದಿಗಳ ಹತ್ತಿರ ಇರುವ ಮೃದ್ವಸ್ಥಿಯ ತೆಳುವಾದ ಪದರದಲ್ಲಿ ಹೊಸ ಮೂಳೆ ಹುಟ್ಟುತ್ತ ಬೆಳೆಯುತ್ತವೆ. ಅದೇ ಗ್ರೋತ್ ಪ್ಲೇಟ್. ಮುಂಗೈಯಲ್ಲಿ ಹೆಬ್ಬೆರಳಿನ ಬದಿಗಿರುವ ರೇಡಿಯಸ್ ಮೂಳೆಯ ಬೆಳವಣಿಗೆಯಲ್ಲಿ ಸುಮಾರು ಮುಕ್ಕಾಲು ಪಾಲು ಮಣಿಕಟ್ಟಿನ ಕಡೆಯ ಪದರದಿಂದಲೇ ಆಗುತ್ತದೆ. ಈ ವಯಸ್ಸಿನಲ್ಲಿ ಮುರಿತ ಬೇಗ ಕೂಡುತ್ತದೆ, ಅಲ್ಪಸ್ವಲ್ಪ ಸೊಟ್ಟ ಉಳಿದರೂ ಬೆಳೆಯುತ್ತ ಬೆಳೆಯುತ್ತ ತಾನೇ ನೆಟ್ಟಗಾಗುತ್ತದೆ. ಆದರೆ ಕೂಡುತ್ತಿರುವ ಮೂಳೆಯನ್ನು ವಾರ ಹತ್ತು ದಿನ ಕಳೆದ ಮೇಲೆ ಮತ್ತೆ ಎಳೆದು ತಿರುಚಿದರೆ ಆ ಎಳೆಯ ಪದರವೇ ಹಾಳಾಗಿ, ಕೈ ಗಿಡ್ಡವಾಗಿಯೋ ಸೊಟ್ಟಗಾಗಿಯೋ ಬೆಳೆಯಬಹುದು.

ಮೊಮ್ಮಗನ ಮೇಲಿನ ಅಕ್ಕರೆಯಿಂದಲೇ ನಿಮ್ಮ ಅತ್ತೆಯವರು ಹಾಗೆ ಹೇಳುತ್ತಿದ್ದಾರೆ. ಅವರಿಗೆ ಇದನ್ನು ಓದಿ ಹೇಳಿ: ಮುಂಗೈಯ ಮಾಂಸಖಂಡಗಳು ಹಿಗ್ಗದ ಪೊರೆಗಳ ಒಳಗೆ ಇಕ್ಕಟ್ಟಾಗಿ ಕೂತಿವೆ. ಪೆಟ್ಟಿನ ಬಾವು ಒಳಗಿನಿಂದ ಒತ್ತುತ್ತಿರುವಾಗ ಹೊರಗಿನಿಂದ ಬಿದಿರಿನ ದಬ್ಬೆಯಿಟ್ಟು ಬಿಗಿದರೆ ರಕ್ತದ ಓಟ ನಿಲ್ಲುತ್ತದೆ, ಆರೇಳು ಗಂಟೆಗಳಲ್ಲಿ ಮಾಂಸಖಂಡ ಸಾಯತೊಡಗುತ್ತದೆ. ಆಮೇಲೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ಸೆಟೆದು ಉಳಿಯುತ್ತವೆ. ಜರ್ಮನಿಯ ವೈದ್ಯ ಫೋಕ್‌ಮಾನ್ 1881ರಲ್ಲೇ ಬಿಗಿ ಕಟ್ಟಿನ ಈ ಪರಿಣಾಮವನ್ನು ವಿವರಿಸಿದ್ದರು. ಬಿಗಿಯಾದ ಪ್ಲಾಸ್ಟರ್‌ನಿಂದಲೂ ಹೀಗಾಗಬಹುದು. ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೂ ಮಗು ಚೀರುವಷ್ಟು ನೋವು, ಜೋಮು, ಬೆರಳು ಬಿಳಿಚಿ ತಣ್ಣಗಾಗುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೈ ಕೂಡಿದ ಮೇಲೂ ಒಂದು ವರ್ಷದವರೆಗೆ ಆಗಾಗ ತೋರಿಸುತ್ತಿರಿ.

ಪ್ರಶ್ನೆ: ದೇಹದ 206 ಮೂಳೆಗಳಲ್ಲಿ ಕೈಕಾಲುಗಳಿಗೆ ಸೇರಿದವು ಎಷ್ಟು? ಕೈಗೂ ಕಾಲಿಗೂ ಸಮನಾಗಿವೆಯೇ ಎಂದು ಮಕ್ಕಳು ಕೇಳುತ್ತಾರೆ.
– ಶಾಲಾ ಶಿಕ್ಷಕಿ, ಚಿತ್ರದುರ್ಗ

ಉತ್ತರ: ಒಟ್ಟು 126. ಭುಜದ ಎರಡನ್ನೂ ಸೇರಿಸಿದರೆ ಒಂದು ಕೈಗೆ 32, ಸೊಂಟದ ಒಂದನ್ನು ಸೇರಿಸಿದರೆ ಒಂದು ಕಾಲಿಗೆ 31. ಮಂಡಿಚಿಪ್ಪು ಕಾಲಿಗೆ ಮಾತ್ರ ಉಂಟು. ಆದರೆ ಭುಜದಲ್ಲಿ ಎರಡು ಮೂಳೆಗಳಿದ್ದರೆ ಸೊಂಟದಲ್ಲಿ ಒಂದೇ, ಮಣಿಕಟ್ಟಿನಲ್ಲಿ ಎಂಟಿದ್ದರೆ ಪಾದದ ಹಿಂಭಾಗದಲ್ಲಿ ಏಳೇ. ಹುಟ್ಟಿದ ಮಗುವಿನ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಆ ಎಂಟರಲ್ಲಿ ಒಂದೂ ಕಾಣುವುದಿಲ್ಲ, ಏಕೆಂದರೆ ಅವಿನ್ನೂ ಮೃದ್ವಸ್ಥಿಯ ರೂಪದಲ್ಲೇ ಇರುತ್ತವೆ. ಕೊನೆಯದು ಸುಮಾರು 9ರಿಂದ 12 ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ ಎಂದು ಹೇಳಿದರೆ ಮಕ್ಕಳು ತಮ್ಮ ಕೈಯನ್ನೇ ನೋಡಿಕೊಂಡಾರು.

ಪ್ರಶ್ನೆ: ನನಗೆ 52 ವರ್ಷ. ಬೆನ್ನು ಬಗ್ಗುವುದಿಲ್ಲ, ಅಂಗೈಯನ್ನು ಪೂರ್ತಿ ಮೇಲ್ಮುಖ ಮಾಡಲಾಗುವುದಿಲ್ಲ. ಮುಂಗೈ ಎಕ್ಸ್‌ರೇ ನೋಡಿದ ಡಾಕ್ಟರು ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿದೆ, ಕೊಳವೆಬಾವಿ ನೀರು ಪರೀಕ್ಷೆ ಮಾಡಿಸಿ ಎಂದರು. ಕೈಗೂ ನೀರಿಗೂ ಏನು ಸಂಬಂಧ?
– ರೈತರು, ಜಗಳೂರು ತಾಲ್ಲೂಕು

ಉತ್ತರ: ನಿಮ್ಮ ಡಾಕ್ಟರು ಸರಿಯಾದ ಜಾಗವನ್ನೇ ನೋಡಿದ್ದಾರೆ. ಮೊಣಕೈಯನ್ನು ಮಡಚಿ ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವಾಗ ಕಿರುಬೆರಳ ಬದಿಯ ಅಲ್ನಾ ಮೂಳೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ರೇಡಿಯಸ್ ಅದರ ಮೇಲೆ ಅಡ್ಡಲಾಗಿ ಹೊರಳುತ್ತದೆ. ಇವೆರಡನ್ನೂ ಉದ್ದಕ್ಕೆ ಬಂಧಿಸಿರುವ ಪೊರೆ ಬಳುಕುತ್ತಿದ್ದರಷ್ಟೇ ಈ ಚಲನೆ ಸರಾಗ. ನಮ್ಮ ಭಾಗದ ಕಗ್ಗಲ್ಲಿನ ಪದರಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಸೇರುತ್ತದೆ. ವರ್ಷಗಟ್ಟಲೆ ಆ ನೀರು ಕುಡಿದರೆ, ಸದಾ ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಮೂಳೆ ಅದನ್ನು ತನ್ನ ಖನಿಜದೊಳಗೇ ಸೇರಿಸಿಕೊಳ್ಳುತ್ತದೆ. ಅಂಥ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ ಕಂಡರೂ ಗುಣದಲ್ಲಿ ಕಳಪೆಯಾಗಿರುತ್ತದೆ, ಜೊತೆಗೆ ಬೆನ್ನಿನ ಅಸ್ಥಿರಜ್ಜುಗಳಲ್ಲೂ ಮುಂಗೈಯ ಈ ಪೊರೆಯಲ್ಲೂ ಸುಣ್ಣ ಕಟ್ಟುತ್ತದೆ. ಮುಂಗೈಯ ಪೊರೆ ಹೀಗೆ ಗಟ್ಟಿಯಾಗುವುದು ಮೂಳೆಗಳ ಫ್ಲೋರೋಸಿಸ್‌ನ ಮುಖ್ಯ ಗುರುತುಗಳಲ್ಲೊಂದು.

ಗಟ್ಟಿಯಾದ ಪೊರೆಯನ್ನು ಮತ್ತೆ ಮೃದುವಾಗಿಸುವ ಔಷಧಿ ಇಲ್ಲ. ಮುಂದೆ ಹೆಚ್ಚದಂತೆ ತಡೆಯುವುದು ನಿಮ್ಮ ಕೈಯಲ್ಲೇ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದಾಗಲೂ 1.5ನ್ನು ದಾಟಬಾರದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರ್‌ನಿಂದಲೂ ಪ್ರಯೋಜನವಿಲ್ಲ. ಕುಡಿಯುವುದಕ್ಕಷ್ಟೇ ಅಲ್ಲದೆ ಅಡುಗೆಗೂ ಆರ್.ಒ. ಘಟಕದ ನೀರನ್ನೋ ಶುದ್ಧವಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ರಾಗಿ, ಹಾಲು, ನುಗ್ಗೆಸೊಪ್ಪು ಊಟದಲ್ಲಿರಲಿ, ಏಕೆಂದರೆ ಸುಣ್ಣದ ಅಂಶ ಸಾಕಷ್ಟಿದ್ದರೆ ಕರುಳು ಫ್ಲೋರೈಡನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಮಚ್ಚೆಗಳಿವೆಯೇ ಎಂದು ಇಂದೇ ನೋಡಿ, ಇದ್ದರೆ ಅವರ ನೀರನ್ನು ಮೊದಲು ಬದಲಿಸಿ.