ಓದುಗರ ಪ್ರಶ್ನೆ: ಆಟದ ಬಂದೂಕಿಗೆ ಹೊಸ ಟಿ.ವಿ. ಏಕೆ ಕಾಣುವುದಿಲ್ಲ?

ಪ್ರಶ್ನೆ: 1990ರ ದಶಕದಲ್ಲಿ ನಮ್ಮ ತಂದೆ ಕೊಡಿಸಿದ್ದ ಟಿ.ವಿ. ಗೇಮ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಹೊಸ ಎಲ್‌ಇಡಿ ಟಿ.ವಿ.ಗೆ ಜೋಡಿಸಿದೆ. ಆಟ ಚೆನ್ನಾಗಿಯೇ ಓಡುತ್ತದೆ. ಆದರೆ ಬಾತುಕೋಳಿ ಹೊಡೆಯುವ ಆಟದಲ್ಲಿ ಟಿ.ವಿ.ಗೆ ತಾಗಿಸಿ ಗುಂಡು ಹಾರಿಸಿದರೂ ಒಂದು ಹಕ್ಕಿಯೂ ಬೀಳುತ್ತಿಲ್ಲ. ಬಂದೂಕು ಕೆಟ್ಟಿದೆಯೇ?
— ಓದುಗರು, ದಾವಣಗೆರೆ

ಉತ್ತರ: ಬಂದೂಕು ಸುಸ್ಥಿತಿಯಲ್ಲಿರುವ ಸಾಧ್ಯತೆಯೇ ಹೆಚ್ಚು. ಈ ಬಂದೂಕು ಟಿ.ವಿ.ಯ ಕಡೆಗೆ ಏನನ್ನೂ ಹಾರಿಸುವುದಿಲ್ಲ, ಅದು ನೋಡುತ್ತದೆ. ನಳಿಕೆಯೊಳಗೆ ಬೆಳಕನ್ನು ಗುರುತಿಸುವ ಒಂದು ಪುಟ್ಟ ಬಿಡಿಭಾಗವಿರುತ್ತದೆ. ನಿಂಟೆಂಡೊ ಕಂಪನಿಯ 1984ರ ‘ಡಕ್ ಹಂಟ್’ನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗಿ, ಮರುಕ್ಷಣ ಹಕ್ಕಿಯಿದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕವೊಂದು ಮೂಡುತ್ತದೆ. ಕಪ್ಪಿನಲ್ಲಿ ಕತ್ತಲೆಯನ್ನೂ ಬಿಳುಪಿನಲ್ಲಿ ಬೆಳಕನ್ನೂ ಬಂದೂಕು ಕಂಡರೆ ಗುರಿ ತಗುಲಿತೆಂದು ಲೆಕ್ಕ. ಎರಡು ಹಕ್ಕಿಗಳಿದ್ದರೆ ಚೌಕಗಳು ಒಂದಾದ ಮೇಲೊಂದು ಮೂಡುತ್ತವೆ. ಯಾವುದು ಮೂಡಿದಾಗ ಬೆಳಕು ಕಂಡಿತು ಎಂಬುದರಿಂದ ಸತ್ತ ಹಕ್ಕಿ ಯಾವುದೆಂದು ತೀರ್ಮಾನವಾಗುತ್ತದೆ. ಉರಿಯುವ ಬಲ್ಬಿಗೆ ಬಂದೂಕು ಹಿಡಿದು ಮೋಸ ಮಾಡಲು ಹೊರಟ ಮಕ್ಕಳಿಗೆ ಮೊದಲಿನ ಆ ಕಪ್ಪು ಕ್ಷಣವೇ ಅಡ್ಡಿಯಾಗುತ್ತಿತ್ತು.

ಇಷ್ಟೆಲ್ಲ ನಡೆಯುವುದು ಸೆಕೆಂಡಿನ ಕೆಲವೇ ಅಂಶಗಳಲ್ಲಿ. ಪಿಕ್ಚರ್ ಟ್ಯೂಬಿನ ಟಿ.ವಿ. ತನಗೆ ಬಂದ ಸಂಕೇತವನ್ನು ಬಂದ ಹಾಗೆಯೇ ಪರದೆಯ ಮೇಲೆ ಬರೆಯುತ್ತಿತ್ತು. ಹೊಸ ಟಿ.ವಿ.ಯಾದರೋ ಪ್ರತಿ ಚಿತ್ರವನ್ನೂ ಒಳಗೆ ಇಟ್ಟುಕೊಂಡು, ಹಿಗ್ಗಿಸಿ, ತಿದ್ದಿ, ಆಮೇಲೆ ತೋರಿಸುವುದರಿಂದ ಬಿಳಿ ಚೌಕ ಪರದೆಗೆ ಬರುವಷ್ಟರಲ್ಲಿ ಆಟವು ‘ಗುರಿ ತಪ್ಪಿತು’ ಎಂದು ಬರೆದುಕೊಂಡು ಮುಂದೆ ಹೋಗಿರುತ್ತದೆ. ಇದರ ಜೊತೆಗೆ, ಟ್ಯೂಬಿನ ಪರದೆಯ ಬೆಳಕು ಸೆಕೆಂಡಿಗೆ ಸುಮಾರು 15,700 ಸಲ ಮಿಡಿಯುವುದನ್ನೇ ಗುರುತಿಸುವಂತೆ ನಿಂಟೆಂಡೊದ ಮೂಲ ಬಂದೂಕನ್ನು ರೂಪಿಸಲಾಗಿತ್ತು. ನಿಮ್ಮ ಎಲ್‌ಇಡಿ ಟಿ.ವಿ.ಯಲ್ಲಿರುವ ಎಲ್‌ಸಿಡಿ ಫಲಕದ ಬೆಳಕಿನಲ್ಲಿ ಆ ಮಿಡಿತವೇ ಇಲ್ಲ. ನೆಂಟರಿಷ್ಟರ ಮನೆಯಲ್ಲಿ ಹಳೆಯ ಡಬ್ಬಾ ಟಿ.ವಿ. ಉಳಿದಿದ್ದರೆ ಅದಕ್ಕೆ ಜೋಡಿಸಿ ನೋಡಿ.

ಪ್ರಶ್ನೆ: ಸೈಬರ್ ಸೆಂಟರಿನಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ‘ವರ್ಚುವಾ ಕಾಪ್ 2’ ಆಡಿದವನು ನಾನು. ಆಗ ಕೈಯಲ್ಲಿದ್ದುದು ಮೌಸ್. ಈಗ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಬಂದೂಕು ಹಿಡಿದೇ ಆಡಬೇಕೆಂಬ ಆಸೆ. ಎಮ್ಯುಲೇಟರಿನಿಂದ ಸಾಧ್ಯವೇ?
— ಓದುಗರು, ಬೆಂಗಳೂರು

ಉತ್ತರ: ಸಾಧ್ಯ. ಎಮ್ಯುಲೇಟರ್ ಎಂದರೆ ಹಳೆಯ ಆಟದ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ. ಆದರೆ ಆಟಕ್ಕೂ ಬಂದೂಕಿಗೂ ಬೇರೆ ಬೇರೆ ಪರಿಹಾರ ಹುಡುಕಬೇಕು. ಸೆಗಾ ಕಂಪನಿಯಲ್ಲಿ ಯು ಸುಜುಕಿಯವರು ಮುನ್ನಡೆಸುತ್ತಿದ್ದ ಎಎಂ2 ವಿಭಾಗವು 1994ರಲ್ಲಿ ಮೊದಲ ‘ವರ್ಚುವಾ ಕಾಪ್’ ಅನ್ನೂ ಮರುವರ್ಷ ಎರಡನೆಯದನ್ನೂ ‘ಮಾಡೆಲ್ 2’ ಎಂಬ ಆರ್ಕೇಡ್ (ನಾಣ್ಯ ಹಾಕಿ ಆಡುವ) ಯಂತ್ರಕ್ಕಾಗಿ ಸಿದ್ಧಪಡಿಸಿತು. ಆಭರಣದ ಅಂಗಡಿಯ ದರೋಡೆಯಿಂದ ಆರಂಭವಾಗುವ, ನಿಮ್ಮ ನೆನಪಿನಲ್ಲಿರುವ ಆಟ ಕಂಪ್ಯೂಟರಿಗೆ ಬಂದದ್ದು ಆಮೇಲೆ. ಆರ್ಕೇಡ್ ರೂಪವನ್ನು ಅನುಕರಿಸಲು ‘ಮಾಡೆಲ್ 2 ಎಮ್ಯುಲೇಟರ್’ ಎಂಬ ತಂತ್ರಾಂಶವೇ ಇದೆ. ಮನೆಯ ಟಿ.ವಿ.ಗೆ ಜೋಡಿಸುವ ಸೆಗಾ ಸ್ಯಾಟರ್ನ್ ಯಂತ್ರದ ರೂಪಕ್ಕೆ ‘ಮೆಡ್ನಾಫೆನ್’ ಎಂಬ ಎಮ್ಯುಲೇಟರ್ ಒಳ್ಳೆಯದು, ಆದರೆ ಅದರಲ್ಲಿ ಸಾಮಾನ್ಯ ಗೇಮ್‌ಪ್ಯಾಡ್ ಬದಲು ಲೈಟ್ ಗನ್ (ಬೆಳಕು ಗುರುತಿಸುವ ಬಂದೂಕು) ಜೋಡಿಸಲಾಗಿದೆ ಎಂದು ಮೊದಲು ಸೂಚಿಸಬೇಕು.

ಸ್ಯಾಟರ್ನ್ ಬಂದೂಕಿನ ಜಾಣತನ ಬಾತುಕೋಳಿಯ ಬಂದೂಕಿಗಿಂತ ಒಂದು ಹೆಜ್ಜೆ ಮುಂದಿತ್ತು. ಪರದೆಯ ಮೇಲೆ ಚಿತ್ರ ಬರೆಯುವ ಟ್ಯೂಬಿನ ಕಿರಣ ಎಡದಿಂದ ಬಲಕ್ಕೆ, ಸಾಲಿನಿಂದ ಸಾಲಿಗೆ ಇಳಿಯುತ್ತಾ ಬಂದೂಕಿನ ನೋಟಕ್ಕೆ ಸಿಕ್ಕ ಗಳಿಗೆಯನ್ನು ಯಂತ್ರ ದಾಖಲಿಸುತ್ತಿತ್ತು. ಒಂದು ಸಾಲಿಗೆ ತಗುಲುವ ಸಮಯ ಸುಮಾರು 64 ಮೈಕ್ರೊಸೆಕೆಂಡ್ ಎಂದು ಗೊತ್ತಿರುವುದರಿಂದ ಎಷ್ಟನೆಯ ಸಾಲು, ಸಾಲಿನ ಯಾವ ಬಿಂದು ಎಂಬುದು ತಿಳಿದುಬಿಡುತ್ತಿತ್ತು. ಬಂದೂಕನ್ನು ಪರದೆಯ ಆಚೆಗೆ ತಿರುಗಿಸಿ ಒತ್ತಿದರೆ ಬೆಳಕೇ ಕಾಣುವುದಿಲ್ಲ, ಅದನ್ನೇ ಗುಂಡು ತುಂಬಿಸುವ ಕ್ರಿಯೆಯಾಗಿ ಆಟ ಬಳಸಿಕೊಂಡಿತು. ಮೌಸ್ ಹಿಡಿದವರಿಗೆ ಪರದೆಯ ಆಚೆ ಎಂಬುದೇ ಇಲ್ಲದ ಕಾರಣ, ಎಮ್ಯುಲೇಟರಿನಲ್ಲಿ ಇದಕ್ಕೆಂದು ಬೇರೊಂದು ಗುಂಡಿಯನ್ನು ಗೊತ್ತುಪಡಿಸಬೇಕಾಗುತ್ತದೆ. ಸೈಬರ್ ಸೆಂಟರಿನಲ್ಲಿ ನಾವೆಲ್ಲ ಕಳೆದುಕೊಂಡದ್ದು ಮಣಿಕಟ್ಟಿನ ಆ ಒಂದು ಕೊಡಹುವಿಕೆಯ ಸುಖವನ್ನು ಎಂದು ನನಗೆ ಅನ್ನಿಸುತ್ತದೆ.

ಎಮ್ಯುಲೇಟರ್ ಎಷ್ಟೇ ನಿಖರವಾಗಿದ್ದರೂ ನಿಮ್ಮ ಮಾನಿಟರಿನಲ್ಲಿ ಕಿರಣ ಹುಟ್ಟಿಸಲಾರದು. ಆದ್ದರಿಂದ ಇಂದಿನ ಬಂದೂಕುಗಳು ಬೇರೆ ದಾರಿ ಹಿಡಿದಿವೆ. ‘ಸಿಂಡೆನ್’ ಬಂದೂಕಿನ ಮೂತಿಯಲ್ಲಿ ಕ್ಯಾಮೆರಾ ಇದ್ದು, ಆಟದ ಚಿತ್ರದ ಸುತ್ತ ಬಿಡಿಸಿದ ಬಿಳಿ ಚೌಕಟ್ಟನ್ನು ಅದು ಗುರುತಿಸಿ, ಚೌಕಟ್ಟು ಎಷ್ಟು ಓರೆಯಾಗಿ ಕಾಣುತ್ತಿದೆ ಎಂಬುದರಿಂದ ಗುರಿಯನ್ನು ಲೆಕ್ಕಹಾಕುತ್ತದೆ. ‘ಗನ್4ಐಆರ್’ ಪದ್ಧತಿಯಲ್ಲಿ ಪರದೆಯ ಸುತ್ತ ಅಂಟಿಸಿದ ಅತಿಗೆಂಪು ದೀಪಗಳೇ ದಿಕ್ಕು ತೋರಿಸುತ್ತವೆ. ಬಿಳಿ ಚೌಕಟ್ಟು ಕಣ್ಣಿಗೆ ಕಿರಿಕಿರಿ ಎನ್ನುವವರಿಗೆ ಎರಡನೆಯದು ಹಿತ, ಆದರೆ ದೀಪ ಜೋಡಿಸುವ ತಾಳ್ಮೆ ಬೇಕು. ಯಾವುದೇ ಆದರೂ ಟಿ.ವಿ.ಯನ್ನು ‘ಗೇಮ್ ಮೋಡ್’ನಲ್ಲಿ ಇಟ್ಟರೆ ವಿಳಂಬ ಕಡಿಮೆಯಾಗುತ್ತದೆ.

ಪ್ರಶ್ನೆ: ಬಂದೂಕಿನ ಆಟಗಳಲ್ಲಿ ಪೊಲೀಸರ ವೇಷವೇ ಏಕೆ ಹೆಚ್ಚು?
— ಓದುಗರು, ಶಿವಮೊಗ್ಗ

ಉತ್ತರ: ಹೊಡೆಯಬಾರದವರೂ ಎದುರಿಗಿದ್ದಾಗ ಮಾತ್ರ ಗುರಿಯಿಡುವುದು ಒಂದು ಆಟವಾಗುತ್ತದೆ. 1984ರ ‘ಹೋಗನ್ಸ್ ಆಲಿ’ಯಲ್ಲಿ ಅಮೆರಿಕದ ಪೊಲೀಸ್ ತರಬೇತಿ ಮೈದಾನದಂತೆ ರಟ್ಟಿನ ಗೊಂಬೆಗಳು ತಿರುಗಿ ನಿಲ್ಲುತ್ತವೆ, ದರೋಡೆಕೋರರ ನಡುವೆ ಒಬ್ಬ ಮಹಿಳೆಯೂ ಒಬ್ಬ ಪ್ರಾಧ್ಯಾಪಕರೂ ಇರುತ್ತಾರೆ. ‘ವರ್ಚುವಾ ಕಾಪ್’ ಇನ್ನೂ ಮುಂದೆ ಹೋಗಿ, ಎದುರಾಳಿಯನ್ನು ಕೊಲ್ಲದೆ ಅವನ ಕೈಗೆ ಹೊಡೆದು ನಿಶ್ಶಸ್ತ್ರನನ್ನಾಗಿ ಮಾಡಿದರೆ ಹೆಚ್ಚಿನ ಅಂಕ ಕೊಟ್ಟಿತು. ಇವುಗಳ ನಡುವೆ ಬಂದ ಕೊನಾಮಿಯ 1992ರ ‘ಲೀಥಲ್ ಎನ್‌ಫೋರ್ಸರ್ಸ್’ ನಿಜವಾದ ಮನುಷ್ಯರ ಛಾಯಾಚಿತ್ರಗಳನ್ನೇ ಬಳಸಿದ್ದರಿಂದ ವಿವಾದಕ್ಕೆ ಸಿಲುಕಿತು. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಸೆನೆಟರ್ ಜೋಸೆಫ್ ಲೀಬರ್‌ಮನ್ ಅದರ ಪ್ಲಾಸ್ಟಿಕ್ ಬಂದೂಕನ್ನೇ ಎತ್ತಿ ತೋರಿಸಿದರು.

ಪ್ರಶ್ನೆ: ಎಮ್ಯುಲೇಟರ್ ಬಳಸುವುದು ಅಪರಾಧವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಎಮ್ಯುಲೇಟರ್ ಬೇರೆ, ಆಟದ ಪ್ರತಿ ಬೇರೆ. ಪ್ಲೇಸ್ಟೇಷನ್ನನ್ನು ಅನುಕರಿಸುವ ತಂತ್ರಾಂಶದ ವಿರುದ್ಧ ಸೋನಿ ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2000ರಲ್ಲಿ ತಂತ್ರಾಂಶ ಮಾಡಿದವರ ಪರವಾಗಿ ತೀರ್ಪು ಕೊಟ್ಟಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಕಂಪ್ಯೂಟರ್ ತಂತ್ರಾಂಶವನ್ನು ನ್ಯಾಯವಾಗಿ ಹೊಂದಿರುವವರಿಗೆ, ನಷ್ಟ ಅಥವಾ ಹಾನಿಯಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಸಿಕ್ಕ ಸಿಕ್ಕ ಕಡೆಯಿಂದ ಆಟ ಇಳಿಸಿಕೊಳ್ಳುವುದು ಆ ಅವಕಾಶದೊಳಗೆ ಬರುವುದಿಲ್ಲ. ಆಟ ಹಳೆಯದು, ಅಂಗಡಿಯಲ್ಲಿ ಸಿಗುವುದಿಲ್ಲ ಎಂಬ ಮಾತ್ರಕ್ಕೆ ಹಕ್ಕು ಅಳಿಯುವುದೂ ಇಲ್ಲ. ಸ್ಯಾಟರ್ನ್‌ನಂಥ ಯಂತ್ರಗಳ ಎಮ್ಯುಲೇಟರ್ ಕೇಳುವ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಕಡತಕ್ಕೂ ಇದೇ ಮಾತು ಅನ್ವಯಿಸುತ್ತದೆ.