ಬೇರೆಯವರು ತಪ್ಪು ಹೊರಿಸಿದಾಗ, ಅದರಲ್ಲಿ ನನ್ನ ಪಾಲು ಎಷ್ಟು ಅಂತ ತಿಳಿಯೋದು ಹೇಗೆ?

ನಿಮ್ಮದು ಸಿಂಧನೂರು ಕಡೆ. ರಾತ್ರಿ ನೀವು ಕಾಲುವೆ ತೂಬಿನ ಗೇಟ್ ಎತ್ತಿದ್ದಕ್ಕೇ ತಮ್ಮ ಭತ್ತ ಒಣಗಿತು ಅಂತ ಕೆಳಗಿನ ಹೊಲದ ಹಿರಿಯರು ಊರೆಲ್ಲ ಹೇಳುತ್ತಿದ್ದಾರೆ. ತಪ್ಪು ನನ್ನದಾ ಅಂತ ಕೇಳಿದ್ದೀರಿ.

ಆ ಮಾತನ್ನು ಮೊದಲು ಎರಡು ಮಾಡಿ. ಗೇಟ್ ಎತ್ತಿದ್ದು ಒಂದು, ಭತ್ತ ಒಣಗಿದ್ದು ಇನ್ನೊಂದು. ಒಪ್ಪಿದರೆ ಎರಡನ್ನೂ ಒಪ್ಪಬೇಕು ಅಂತೇನಿಲ್ಲ.

ಆ ರಾತ್ರಿ ನೀರಿನ ಸರದಿ ಯಾರದು? ನಿಮ್ಮದಲ್ಲದಿದ್ದರೆ ಅಷ್ಟರ ಮಟ್ಟಿಗೆ ತಪ್ಪು ನಿಮ್ಮದೇ. ‘ಎಲ್ಲರೂ ಎತ್ತುತ್ತಾರೆ’ ಅನ್ನೋದು ಉತ್ತರವಲ್ಲ (ಕಾಲುವೆ ಉದ್ದಕ್ಕೂ ಇದೇ ಮಾತು, ಬಿಡಿ). ಕೆಳಗೆ ನೀರಿಲ್ಲ ಅಂತ ಗೊತ್ತಿದ್ದೂ ಎತ್ತಿದ್ದರೆ ತಪ್ಪು ಜಾಸ್ತಿ. ನಿಮಗೆ ಹೇಳದೆ ಆಳು ಎತ್ತಿದ್ದರೆ ಕಮ್ಮಿ, ಆದರೆ ಸೊನ್ನೆಯಲ್ಲ.

ಬೆಳೆಯ ವಿಷಯ ಅಷ್ಟು ಸುಲಭ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟದಿರುವುದು ಹಳೇ ಗೋಳು. ಮೇಲ್ಭಾಗದಲ್ಲಿ ಯೋಜನೆ ಮೀರಿ ಭತ್ತ ಹಾಕುತ್ತಾರೆ, ಜಲಾಶಯದಲ್ಲಿ ಹೂಳು ಬೇರೆ. ನೀವು ಗೇಟ್ ಮುಟ್ಟದೇ ಇದ್ದಿದ್ದರೆ ಆ ಹೊಲ ಉಳಿಯುತ್ತಿತ್ತಾ? ಹೋಗಿ ಅದರ ಪಕ್ಕದ ಮಡಿ ನೋಡಿ. ಬೇರೆ ತೂಬಿನ ನೀರು ಕುಡಿಯುವ ಆ ಮಡಿಯೂ ಬಿರುಕು ಬಿಟ್ಟಿದ್ದರೆ ಕಾರಣ ನೀವೊಬ್ಬರೇ ಅಲ್ಲ.

ಅವರು ಕೂಗಾಡಿದ್ದು ಸಾಕ್ಷಿ ಅಲ್ಲ. ನಿಮಗೆ ಸಿಟ್ಟು ಬಂದಿದ್ದೂ ಅಲ್ಲ.

ಆಮೇಲೆ ನೇರ ಹೋಗಿ ಹೇಳಿ: ‘ಗೇಟ್ ಎತ್ತಿದ್ದು ಹೌದು ಕಾಕಾ, ನನ್ನ ಮುಂದಿನ ಸರದಿ ನೀವೇ ತಗೊಳ್ಳಿ. ಪೂರಾ ಬೆಳೆ ಹೋಗಿದ್ದನ್ನ ಮಾತ್ರ ನನ್ನ ತಲೆಗೆ ಕಟ್ಟಬೇಡಿ.’