ಮಹಾನಗರ ಪಾಲಿಕೆಯಲ್ಲಿ ಹಣಕಾಸು ವಿಶ್ಲೇಷಕರ ಕೆಲಸ ಹೇಗಿರುತ್ತೆ? ಬ್ಯಾಂಕ್ ಕೆಲಸ ಬಿಟ್ಟು ಸೇರಬಹುದೇ?

ನೀವು ಕೇಳಿರುವುದು ಇಷ್ಟು: ಎಂ.ಕಾಂ ಆಗಿದೆ, ಖಾಸಗಿ ಬ್ಯಾಂಕೊಂದರಲ್ಲಿ ಸಾಲದ ಅರ್ಜಿ ಪರಿಶೀಲಿಸುವ ಕೆಲಸದಲ್ಲಿದ್ದೀರಿ, ನಿಮ್ಮೂರಿನ ಮಹಾನಗರ ಪಾಲಿಕೆಯಲ್ಲಿ ಹಣಕಾಸು ವಿಶ್ಲೇಷಕರ ಗುತ್ತಿಗೆ ಹುದ್ದೆಗೆ ಕರೆದಿದ್ದಾರೆ. ಸೇರಿದರೆ ದಿನವಿಡೀ ಏನು ಮಾಡಬೇಕಾಗುತ್ತೆ, ಅಲ್ಲಿ ವಿಶ್ಲೇಷಣೆಗೆ ಬೆಲೆ ಇದೆಯಾ, ಇಲ್ಲಾ ಬರೀ ಬಿಲ್ಲು ಪಾಸ್ ಮಾಡಿಕೊಂಡು ಕೂರಬೇಕಾ? ನಾನು ರಾಜ್ಯದ ಒಂದು ಮಹಾನಗರ ಪಾಲಿಕೆಯ ಲೆಕ್ಕ ಶಾಖೆಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಕೆಲಸ ಬೇಕಾದಷ್ಟಿದೆ, ಬೆಲೆಯೂ ಇದೆ.

ಮೊದಲೇ ಹೇಳಿಬಿಡುತ್ತೇನೆ, ಬಿಲ್ಲು ಪಾಸ್ ಮಾಡುವುದು ನಿಮ್ಮ ಕೆಲಸವಲ್ಲ. ಅದಕ್ಕೆ ವಿಷಯ ನಿರ್ವಾಹಕರಿದ್ದಾರೆ, ಲೆಕ್ಕ ಅಧೀಕ್ಷಕರಿದ್ದಾರೆ, ಮೇಲೆ ಮುಖ್ಯ ಲೆಕ್ಕಾಧಿಕಾರಿ ಇದ್ದಾರೆ. ಸಹಿ ಅವರದು, ಹೊಣೆಯೂ ಅವರದು. ನಿಮ್ಮ ಮೇಜಿಗೆ ಬರುವ ಪ್ರಶ್ನೆ ಬೇರೆ: ಇಷ್ಟು ಕಾಮಗಾರಿ ಒಪ್ಪಿಕೊಂಡರೆ ದುಡ್ಡು ಸಾಲುತ್ತಾ? ನೋಡಲು ಸುಲಭದ ಪ್ರಶ್ನೆ. ಇದಕ್ಕೆ ಸರಿಯಾದ ಉತ್ತರ ಯಾವ ಪುಸ್ತಕದಲ್ಲೂ ಒಂದೇ ಕಡೆ ಬರೆದಿರುವುದಿಲ್ಲ. ಅದನ್ನು ಹುಡುಕಿ ತೆಗೆಯುವುದೇ ನಮ್ಮ ಉದ್ಯೋಗ.

ವಾರ್ಡಿನ ಸದಸ್ಯರೊಬ್ಬರು ಬಂದು ಎದುರಿಗೆ ಕೂರುತ್ತಾರೆ. ‘ಮೇಡಂ, ಬ್ಯಾಂಕಲ್ಲಿ ಮೂವತ್ತು ಕೋಟಿ ಇದೆಯಂತೆ. ನಮ್ಮ ವಾರ್ಡಿನ ಚರಂಡಿಗೆ ಇಪ್ಪತ್ತು ಲಕ್ಷ ಇಲ್ಲ ಅಂತೀರಲ್ಲ?’ ಅವರು ಹೇಳುವುದು ಸುಳ್ಳಲ್ಲ, ಪಾಸ್‌ಬುಕ್ಕಿನಲ್ಲಿ ದುಡ್ಡು ಇದ್ದೇ ಇರುತ್ತದೆ. ಆದರೆ ಆ ಮೂವತ್ತು ಕೋಟಿಯನ್ನು ಬಿಡಿಸಿ ನೋಡಬೇಕು. ಅದರಲ್ಲಿ ಒಂದು ಪಾಲು ಗುತ್ತಿಗೆದಾರರ ಬಿಲ್ಲಿನಲ್ಲಿ ಹಿಡಿದಿಟ್ಟ ಭದ್ರತಾ ಠೇವಣಿ, ಅದನ್ನು ಅವರಿಗೇ ವಾಪಸ್ ಕೊಡಬೇಕು. ಅದೇ ಬಿಲ್ಲುಗಳಲ್ಲಿ ಕಡಿದುಕೊಂಡ ಶೇ 1ರ ಕಾರ್ಮಿಕ ಕಲ್ಯಾಣ ಸುಂಕ, ಜಿಎಸ್‌ಟಿಗೆ ಕಟ್ಟಬೇಕಾದ ಶೇ 2ರ ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ) ನಮ್ಮ ಖಾತೆಯಲ್ಲಿ ಕೆಲವು ದಿನ ತಂಗಿರುವ ಬೇರೆಯವರ ಹಣ. ಆಸ್ತಿ ತೆರಿಗೆಯ ಜೊತೆಗೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ, ಆರೋಗ್ಯ ಕರಗಳೂ ಹಾಗೆಯೇ, ಆಯಾ ಇಲಾಖೆಗೆ ಹೋಗಬೇಕು. ಎಷ್ಟೋ ಊರುಗಳಲ್ಲಿ ಗ್ರಂಥಾಲಯ ಕರ ವರ್ಷಗಟ್ಟಲೆ ಬಾಕಿ ಉಳಿಯುವುದಕ್ಕೆ ಕಾರಣ ಇದೇ. ಬಂದ ಹಣ ಬಂದ ಹಾಗೆ ಸಂಬಳಕ್ಕೋ ಡೀಸೆಲ್ಲಿಗೋ ಹರಿದುಹೋಗಿರುತ್ತದೆ.

ಇನ್ನು ಅನುದಾನ. ಕೇಂದ್ರದ ತೆರಿಗೆ ಹಣದ ಹಂಚಿಕೆ ಸೂಚಿಸುವ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ದೇಶದ ನಗರ ಸ್ಥಳೀಯ ಸಂಸ್ಥೆಗಳಿಗೆ 1,21,055 ಕೋಟಿ ರೂಪಾಯಿ ಶಿಫಾರಸು ಮಾಡಿತು. ಬೆಂಗಳೂರು ಬಿಟ್ಟು ನಮ್ಮ ರಾಜ್ಯದ ಉಳಿದೆಲ್ಲ ನಗರಗಳೂ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಗುಂಪಿನಲ್ಲಿದ್ದವು. ಆ ಅವಧಿಯಲ್ಲಿ ಅವಕ್ಕೆ ಬಂದ ಪಾಲಿನಲ್ಲಿ ಶೇ 30 ಕುಡಿಯುವ ನೀರಿಗೆ, ಶೇ 30 ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಉಳಿದ ಶೇ 40 ನಿರ್ಬಂಧವಿಲ್ಲದ್ದು ಎನ್ನುತ್ತಿದ್ದರು, ಆದರೂ ಅದರಲ್ಲಿ ಸಂಬಳ ಕೊಡುವಂತಿರಲಿಲ್ಲ. ನಮ್ಮ ಸ್ವಂತ ಸಂಪನ್ಮೂಲಕ್ಕೆ ಬಂದರೆ ಅಲ್ಲಿಯೂ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ತೆಗೆದಿಡಬೇಕು. ಈ ಮೂರು ಅಂಕಿಗಳನ್ನು ಪಾಲಿಕೆಯಲ್ಲಿ ಜವಾನರಿಂದ ಆಯುಕ್ತರವರೆಗೆ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ತೆಗೆದಿಟ್ಟ ಹಣ ಆ ವರ್ಷವೇ ಆ ಜನಕ್ಕೆ ತಲುಪಿತೇ ಎಂದು ನೋಡುವವರು ಕಡಿಮೆ. ನೀವು ಸೇರಿದರೆ ದಯವಿಟ್ಟು ಅದನ್ನು ನೋಡಿ. ಇದೆಲ್ಲ ಕಳೆದ ಮೇಲೆ ಮೂವತ್ತು ಕೋಟಿಯಲ್ಲಿ ಚರಂಡಿಗೆ ಮುಟ್ಟಬಹುದಾದ ಹಣ ಎರಡು ಕೋಟಿಯೂ ಉಳಿಯದ ತಿಂಗಳುಗಳಿವೆ. ಅದನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದರೆ ಸದಸ್ಯರು ಒಪ್ಪುತ್ತಾರೆ, ನಾನು ಕಂಡ ಹಾಗೆ. ಅವರಿಗೆ ಕೋಪ ಬರುವುದು ಲೆಕ್ಕ ತೋರಿಸದೆ ‘ಆಗಲ್ಲ’ ಎಂದಾಗ.

ಇದಕ್ಕಿಂತ ದೊಡ್ಡ ಕೆಲಸ ಬಜೆಟ್ಟಿನ ಆದಾಯದ ಕಡೆಗಿದೆ. ಖರ್ಚಿನ ಪಟ್ಟಿಗೆ ಎಲ್ಲರೂ ಜಗಳವಾಡುತ್ತಾರೆ, ಆದಾಯದ ಅಂಕಿಯನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಆಸ್ತಿ ತೆರಿಗೆಯನ್ನೇ ತೆಗೆದುಕೊಳ್ಳಿ. ಕಂದಾಯ ಶಾಖೆಯಲ್ಲಿ ಡಿಸಿಬಿ ಎಂದು ಕರೆಯುವ ತಃಖ್ತೆ ಇರುತ್ತದೆ: ಬೇಡಿಕೆ, ವಸೂಲಿ, ಬಾಕಿ. ಉದಾಹರಣೆಗೆ ಈ ವರ್ಷದ ಬೇಡಿಕೆ 40 ಕೋಟಿ, ಹಳೇ ಬಾಕಿ 25 ಕೋಟಿ, ಒಟ್ಟು 65 ಎಂದಿಟ್ಟುಕೊಳ್ಳಿ. ಬಜೆಟ್ಟಿನಲ್ಲಿ 60 ಕೋಟಿ ಬರುತ್ತದೆ ಎಂದು ಬರೆದರೆ ಯಾರೂ ತಪ್ಪು ಹಿಡಿಯುವುದಿಲ್ಲ, ಬೇಡಿಕೆಗಿಂತ ಕಡಿಮೆಯೇ ಇದೆಯಲ್ಲ! ಆದರೆ ಹಿಂದಿನ ವರ್ಷಗಳಲ್ಲಿ ಹಾಲಿ ಬೇಡಿಕೆಯಲ್ಲಿ ನೂರಕ್ಕೆ ಎಪ್ಪತ್ತು, ಹಳೇ ಬಾಕಿಯಲ್ಲಿ ನೂರಕ್ಕೆ ಇಪ್ಪತ್ತು ಮಾತ್ರ ಬಂದಿದ್ದರೆ, ಈ ವರ್ಷ ಕೈಗೆ ಬರುವುದು 28 ಮತ್ತು 5, ಒಟ್ಟು 33 ಕೋಟಿ. ಉಳಿದ 27 ಕೋಟಿ ಕಾಗದದ ಮೇಲಿನ ಹಣ. ಅದನ್ನು ನಂಬಿ ಕಾಮಗಾರಿ ಮಂಜೂರಾಗುತ್ತದೆ, ಟೆಂಡರ್ ಆಗುತ್ತದೆ, ಗುತ್ತಿಗೆದಾರ ಸಾಲ ಮಾಡಿ ರಸ್ತೆ ಹಾಕುತ್ತಾನೆ, ಆಮೇಲೆ ಬಿಲ್ಲು ವರ್ಷಗಟ್ಟಲೆ ನಿಲ್ಲುತ್ತದೆ. ಬಿಲ್ಲು ತಡವಾಗುತ್ತದೆ ಎಂದು ಗೊತ್ತಿರುವವನು ಮುಂದಿನ ಟೆಂಡರಿನಲ್ಲಿ ದರ ಏರಿಸುತ್ತಾನೆ, ಇಲ್ಲವೇ ಡಾಂಬರು ತೆಳ್ಳಗೆ ಮಾಡುತ್ತಾನೆ. ಗುಂಡಿ ಬಿದ್ದ ರಸ್ತೆಗೆ ಎಂಜಿನಿಯರನ್ನು ಬೈಯುತ್ತೇವೆ. ಆ ಗುಂಡಿ ಎಷ್ಟೋ ಸಲ ಬಜೆಟ್ ಪುಸ್ತಕದ ಆದಾಯದ ಪುಟದಲ್ಲೇ ಶುರುವಾಗಿರುತ್ತದೆ.

ಆ ಹಳೇ ಬಾಕಿಯ ಒಳಗೇನಿದೆ ಎಂದು ತಿಳಿಯಬೇಕಾದರೆ ಕಂಪ್ಯೂಟರ್ ಬಿಟ್ಟು ಬಿಲ್ ಕಲೆಕ್ಟರುಗಳ ಜೊತೆ ಕೂರಬೇಕು. ಯಾವ ಖಾತೆ ಎರಡು ಸಲ ನಮೂದಾಗಿದೆ, ಯಾವ ಕಟ್ಟಡ ಕೋರ್ಟಿನಲ್ಲಿದೆ, ಯಾವ ಖಾಲಿ ನಿವೇಶನದ ಮಾಲೀಕರು ವಿದೇಶದಲ್ಲಿದ್ದಾರೆ, ಎಲ್ಲವೂ ಅವರ ತಲೆಯಲ್ಲಿದೆ. ಸಂವಿಧಾನದ 285ನೇ ವಿಧಿಯಂತೆ ಕೇಂದ್ರ ಸರ್ಕಾರದ ಆಸ್ತಿಗೆ ಪಾಲಿಕೆ ತೆರಿಗೆ ಹಾಕುವಂತಿಲ್ಲ, ಸೇವಾ ಶುಲ್ಕ ಮಾತ್ರ ಕೇಳಬಹುದು. ಅಂಥ ಕಟ್ಟಡಗಳನ್ನೂ ತೆರಿಗೆ ಬಾಕಿ ಎಂದು ತೋರಿಸಿರುವ ವಹಿಗಳನ್ನು ನಾನು ನೋಡಿದ್ದೇನೆ. ಅದು ಎಂದೂ ಬರದ ಹಣ. ಎಂದೂ ಬರದ್ದನ್ನು ಬೇರೆ, ಬೆನ್ನು ಹತ್ತಿದರೆ ಬರುವುದನ್ನು ಬೇರೆ ಮಾಡಿ ಕೊಟ್ಟರೆ ಕಂದಾಯ ಅಧಿಕಾರಿಗಳು ನಿಮ್ಮನ್ನು ಮರೆಯುವುದಿಲ್ಲ. ಅವರ ಆಳುಗಳಿಗೆ ಎಲ್ಲಿ ಹೋಗಬೇಕು ಎಂಬುದು ಸ್ಪಷ್ಟವಾಗುತ್ತದೆ. ಇದರ ಮೇಲೆ ಇನ್ನೊಂದು ಕತ್ತಿಯೂ ತೂಗುತ್ತಿತ್ತು: 15ನೇ ಆಯೋಗದ ಅನುದಾನ ಬೇಕಾದರೆ ಲೆಕ್ಕಪತ್ರಗಳನ್ನು ಎಲ್ಲರಿಗೂ ಕಾಣುವಂತೆ ಆನ್‌ಲೈನಿನಲ್ಲಿ ಹಾಕಿರಬೇಕು, ಆಸ್ತಿ ತೆರಿಗೆ ವಸೂಲಿಯೂ ರಾಜ್ಯದ ಒಟ್ಟು ಉತ್ಪನ್ನದ ಸರಾಸರಿ ಬೆಳವಣಿಗೆಯ ವೇಗದಲ್ಲಾದರೂ ಏರಬೇಕು ಎಂಬ ಷರತ್ತು.

ಏಪ್ರಿಲ್ ತಿಂಗಳ ಬಗ್ಗೆ ಎಚ್ಚರ. ಬೇಗ ಕಟ್ಟಿದವರಿಗೆ ಶೇ 5 ರಿಯಾಯಿತಿ ಇರುವುದರಿಂದ ಆಗ ಕೌಂಟರಿನ ಮುಂದೆ ಸಾಲು ನಿಂತಿರುತ್ತದೆ, ಖಾತೆ ತುಂಬಿ ತುಳುಕುತ್ತದೆ. ಅದನ್ನು ನೋಡಿ ಮೇ, ಜೂನಿನಲ್ಲಿ ಧಾರಾಳವಾದರೆ ದಸರೆಯ ಹೊತ್ತಿಗೆ ಸಂಬಳಕ್ಕೆ ತಡಕಾಡಬೇಕಾಗುತ್ತದೆ. ತಿಂಗಳುವಾರು ಹಣದ ಹರಿವಿನ ಪಟ್ಟಿಯೊಂದನ್ನು ಮಾಡಿಡಿ. ನಮ್ಮಲ್ಲಿ ಅದನ್ನು ಶುರುಮಾಡಿದ ಮೇಲೆ ಪೌರಕಾರ್ಮಿಕರ ಸಂಬಳದ ಹಣವನ್ನು ಮೊದಲೇ ಬೇರೆ ತೆಗೆದಿಡುವುದು ರೂಢಿಯಾಯಿತು. ಬೆಳಗಿನ ಜಾವ ಎದ್ದು ಊರು ಗುಡಿಸುವವರ ಸಂಬಳ ಒಂದು ವಾರ ತಡವಾದರೂ ಅವರ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. ಏಳುನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡ ನಮ್ಮ ರಾಜ್ಯದಲ್ಲಿದೆ. ಅಷ್ಟು ಜನರ ಕಸ ಹೊರುವವರಿಗೆ ಒಂದನೇ ತಾರೀಕು ದುಡ್ಡು ಸಿಗುವಂತೆ ಮಾಡಲು ಆಗುವುದಾದರೆ ಈ ಕೆಲಸಕ್ಕೆ ನನಗೆ ಬೇರೆ ಕಾರಣ ಬೇಡ.

ವಿಶ್ಲೇಷಣೆಗೆ ಬೆಲೆ ಇದೆಯಾ ಎಂದಿರಲ್ಲ, ಒಂದು ಕಡತದ ಕಥೆ ಹೇಳುತ್ತೇನೆ. ಮನೆ ಮನೆ ಕಸ ಸಂಗ್ರಹಕ್ಕೆ ಹತ್ತು ಆಟೋ ಟಿಪ್ಪರ್ ಕೊಳ್ಳುವ ಪ್ರಸ್ತಾವನೆ ಬಂತು. ಖರೀದಿಗೆ ಅನುದಾನವಿದೆ, ಪಾಲಿಕೆಗೆ ಆರ್ಥಿಕ ಹೊರೆ ಇಲ್ಲ ಎಂದು ಟಿಪ್ಪಣಿಯಲ್ಲಿ ಬರೆದಿತ್ತು. ಗಾಡಿ ಅನುದಾನದಲ್ಲಿ ಬರುತ್ತದೆ, ಸರಿ. ಚಾಲಕ, ಲೋಡರ್, ಅವರ ಪಿಎಫ್ ಮತ್ತು ಇಎಸ್‌ಐ, ಡೀಸೆಲ್, ಟೈರು, ವಿಮೆ, ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಎಲ್ಲವೂ ನಮ್ಮ ಸ್ವಂತ ನಿಧಿಯಿಂದ, ಗಾಡಿ ಓಡುವಷ್ಟು ವರ್ಷವೂ. ಡೀಸೆಲ್ಲಿಗೆ ಅಂದಾಜು ಅಂಕಿ ಹಾಕುವ ಬದಲು ಈಗಿರುವ ಗಾಡಿಗಳ ಲಾಗ್ ಪುಸ್ತಕಗಳನ್ನು ತರಿಸಿ ಕೂತು ಓದಿದೆ. ಬೀದಿ ಬೀದಿ ಸುತ್ತುವುದಕ್ಕಿಂತ ಹೆಚ್ಚು ಡೀಸೆಲ್ ಹೋಗುತ್ತಿದ್ದುದು ಪುಟ್ಟ ಗಾಡಿಗಳು ಊರಾಚೆಯ ವಿಲೇವಾರಿ ಘಟಕಕ್ಕೆ ದಿನಕ್ಕೆ ಹಲವು ಸಲ ಹೋಗಿ ಬರುವುದಕ್ಕೆ. ಕೆಲವು ಗಾಡಿಗಳು ರಿಪೇರಿ ದುಡ್ಡಿಲ್ಲದೆ ಡಿಪೋದಲ್ಲೇ ನಿಂತಿದ್ದವು. ಇದನ್ನೆಲ್ಲ ಬರೆದು, ಟಿಪ್ಪರ್ ಕಡಿಮೆ ಮಾಡಿ ಆ ಹಣದಲ್ಲಿ ಕಸ ಒತ್ತಿ ತುಂಬಿಕೊಳ್ಳುವ ದೊಡ್ಡ ಗಾಡಿ, ಅಂದರೆ ಒಂದು ಕಾಂಪ್ಯಾಕ್ಟರ್ ಕೊಳ್ಳುವುದು, ಊರೊಳಗೇ ಕಸ ಅದಕ್ಕೆ ವರ್ಗಾಯಿಸುವುದು, ನಿಂತ ಗಾಡಿಗಳನ್ನು ಮೊದಲು ರಿಪೇರಿ ಮಾಡಿಸುವುದು ಎಂದು ಸೂಚಿಸಿದೆ. ಪರಿಸರ ಎಂಜಿನಿಯರ್ ಕೂಡ ಹೌದೆಂದರು, ಆಯುಕ್ತರು ಹಾಗೆಯೇ ಆದೇಶ ಮಾಡಿದರು. ದೊಡ್ಡ ಮಾಡೆಲ್ ಏನೂ ಬೇಕಾಗಲಿಲ್ಲ, ಕೂಡಿಸುವ ಕಳೆಯುವ ಲೆಕ್ಕ ಸಾಕಾಯಿತು. ಲಾಗ್ ಪುಸ್ತಕ ತೆರೆದು ನೋಡುವವರೊಬ್ಬರು ಬೇಕಿತ್ತು.

ಎಕ್ಸೆಲ್ ನಿಮಗೆ ಚೆನ್ನಾಗಿ ಬರುತ್ತದೆ ಎಂದಿದ್ದೀರಿ. ಒಳ್ಳೆಯದು. ಆದರೆ ನಿರ್ಧಾರ ಆಗುವುದು ಟಿಪ್ಪಣಿ ಹಾಳೆಯ ಮೇಲೆ, ಕನ್ನಡದಲ್ಲಿ. ಒಂದು ಪುಟದಲ್ಲಿ ಹಿನ್ನೆಲೆ, ಲಭ್ಯ ಹಣ, ಲೆಕ್ಕ ಶೀರ್ಷಿಕೆ (ಯಾವ ಬಾಬ್ತಿನ ಹಣ ಎಂಬುದು), ಮುಂದಿನ ವರ್ಷಗಳ ಹೊರೆ, ಸಲಹೆ, ಇಷ್ಟನ್ನು ತಿಳಿಯಾಗಿ ಬರೆಯಲು ಕಲಿಯಿರಿ. ಒತ್ತಡ ಬರುತ್ತದೆ, ‘ಅನುದಾನ ನಿರೀಕ್ಷಿಸಿ ಕೈಗೊಳ್ಳಬಹುದು’ ಎಂದು ಬರೆದುಬಿಡಿ ಎನ್ನುತ್ತಾರೆ. ಆಗ ಜಗಳ ಬೇಡ, ಇಂದಿನ ದಿನಾಂಕಕ್ಕೆ ಲಭ್ಯವಿರುವ ಮೊತ್ತವನ್ನು ಅಂಕಿಯಲ್ಲಿ ಬರೆದು ಕಡತ ಮೇಲಕ್ಕೆ ಕಳಿಸಿ. ನೀವು ಬರೆದದ್ದು ಕಡತದಲ್ಲಿ ಉಳಿಯುತ್ತದೆ, ನಾಳೆ ಲೆಕ್ಕಪರಿಶೋಧಕರೂ ಓದುತ್ತಾರೆ, ಮಾಹಿತಿ ಹಕ್ಕಿನಲ್ಲಿ ಕೇಳಿದ ನಾಗರಿಕರೂ ಓದುತ್ತಾರೆ.

ನಿಮ್ಮ ಬ್ಯಾಂಕ್ ಅನುಭವಕ್ಕೂ ಇಲ್ಲಿ ಜಾಗವಿದೆ. ಪಾಲಿಕೆಗಳೂ ಸಾಲ ಎತ್ತುತ್ತವೆ. ದೇಶದಲ್ಲಿ ಮೊದಲು ಬಾಂಡ್ (ಸಾಲಪತ್ರ) ಹೊರಡಿಸಿದ ನಗರ ನಮ್ಮ ಬೆಂಗಳೂರು: 1997ರಲ್ಲಿ 125 ಕೋಟಿ ರೂಪಾಯಿ, ರಾಜ್ಯ ಸರ್ಕಾರದ ಖಾತರಿಯ ಮೇಲೆ. ಮರುವರ್ಷ ಅಹಮದಾಬಾದ್ ಖಾತರಿಯಿಲ್ಲದೆ 100 ಕೋಟಿ ಎತ್ತಿತು. 2005ರಲ್ಲಿ ಬೆಂಗಳೂರು ಸುತ್ತಲಿನ ಎಂಟು ನಗರ ಸ್ಥಳೀಯ ಸಂಸ್ಥೆಗಳ ನೀರಿನ ಯೋಜನೆಗೆ ಒಟ್ಟಾಗಿ 100 ಕೋಟಿಯ ಬಾಂಡ್ ಬಂತು. ಸಾಲ ಕೊಡುವವರು ಮೊದಲು ಕೇಳುವುದು ತೀರಿಸುವ ಶಕ್ತಿಯನ್ನು, ಅಂದರೆ ಮತ್ತೆ ಅದೇ ವಸೂಲಿಯ ಅಂಕಿಯನ್ನು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದ ಮೇಲೆ ಬೆಂಗಳೂರಿನಲ್ಲಂತೂ ಯಾವ ಆಸ್ತಿ, ಯಾವ ಬಾಕಿ ಬಿಲ್ಲು ಯಾರ ಪಾಲಿಗೆ ಎಂದು ಬಿಡಿಸುವ ಲೆಕ್ಕವೇ ದೊಡ್ಡ ಕೆಲಸ.

ಸಂದರ್ಶನಕ್ಕೆ ಹೋಗುವ ಮುನ್ನ ನಿಮ್ಮೂರಿನ ಪಾಲಿಕೆಯ ಮೂರು ವರ್ಷದ ಬಜೆಟ್ ಪುಸ್ತಕ ಹುಡುಕಿ, ಅಂದಾಜು ಆದಾಯದ ಪಕ್ಕದಲ್ಲಿ ವಾಸ್ತವಿಕ ಆದಾಯ ಇಟ್ಟು ನೋಡಿ. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳನ್ನು ಒಮ್ಮೆ ತಿರುವಿ ಹಾಕಿ, ಜೋಡಿ ನಮೂದು ಪದ್ಧತಿಯಾದ್ದರಿಂದ ನಿಮಗೆ ಹೊಸದೆನಿಸುವುದಿಲ್ಲ. ಸಂಬಳ ಬ್ಯಾಂಕಿಗಿಂತ ಕಡಿಮೆಯೇ ಇರಬಹುದು, ಅದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಸಂದರ್ಶನದಲ್ಲಿ ಒಂದು ಪ್ರಶ್ನೆ ಸಂಕೋಚವಿಲ್ಲದೆ ಕೇಳಿ: ಈ ಹುದ್ದೆಯ ಸಂಬಳ ಯಾವ ಲೆಕ್ಕ ಶೀರ್ಷಿಕೆಯಿಂದ? ಪಾಲಿಕೆಯ ಸ್ವಂತ ನಿಧಿಯಿಂದಾದರೆ ಗುತ್ತಿಗೆ ನವೀಕರಣ ಆಯುಕ್ತರ ಕೈಯಲ್ಲಿರುತ್ತದೆ. ಕೇಂದ್ರದ ಅಮೃತ್ 2.0ರಂಥ ಯೋಜನೆಯ ಆಡಳಿತ ವೆಚ್ಚದಿಂದಾದರೆ ಯೋಜನೆಯ ಅವಧಿ ಮುಗಿದಾಗ ಹುದ್ದೆಯೂ ಮುಗಿಯುತ್ತದೆ. ಉತ್ತರ ಎರಡನೆಯದಾದರೆ ಕೊನೆಯ ದಿನಾಂಕವನ್ನು ನೇಮಕಾತಿ ಆದೇಶದಲ್ಲಿ ಬರೆಸಿಕೊಂಡೇ ಬ್ಯಾಂಕಿಗೆ ರಾಜೀನಾಮೆ ಕೊಡಿ.